ಅಳಿಯನಿಗೊಂದು ಅಳತೆಯ ಶರ್ಟು

ಇಪ್ಪತ್ತಾರು ವರ್ಷ ಶರ್ಟಿನ ಕಾರ್ಖಾನೆಯಲ್ಲಿ ತೋಳು ಕೂಡಿಸಿದವಳಿಗೆ ಜನ ತೋಳಕ್ಕ ಎಂದು ಹೆಸರಿಟ್ಟಿದ್ದರಲ್ಲಿ ಆಶ್ಚರ್ಯವೇನಿಲ್ಲ. ಕಾಲರು ಒಬ್ಬರು, ಜೇಬು ಒಬ್ಬರು, ಗುಂಡಿ ಇನ್ನೊಬ್ಬರು ಹೊಲಿಯುವ ಆ ಉದ್ದನೆಯ ಹಾಲಿನಲ್ಲಿ ತೋಳಿನ ಮಿಷನ್ನೆಂದರೆ ಎಲ್ಲರೂ ಮೆಲ್ಲಗೆ ಹಿಂದೆ ಸರಿಯುತ್ತಿದ್ದರು. ದುಂಡಗಿನ ತೋಳನ್ನು ದುಂಡಗಿನ ಕಂಡಿಗೆ ಒಂದು ಸುಕ್ಕೂ ಬೀಳದಂತೆ ಕೂಡಿಸುವುದು ಹುಡುಗಾಟದ ಮಾತಲ್ಲ. ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೂ, ಎದುರಿಗೆ ಗಂಡಸರು ಬಂದರೆ ಅವಳ ಕಣ್ಣು ಮೊದಲು ಹೋಗುತ್ತಿದ್ದುದು ಭುಜದ ಹೊಲಿಗೆಗೆ. ಮುಖ ಆಮೇಲೆ.

ಅಂಥವಳಿಗೆ ಸಿಕ್ಕ ಅಳಿಯನೋ, ಎರಡು ಅಳತೆ ದೊಡ್ಡ ಶರ್ಟಿನೊಳಗೆ ಎಲ್ಲೋ ಇರುತ್ತಿದ್ದ. ಭುಜದ ಹೊಲಿಗೆ ಮೊಳಕೈ ಹತ್ತಿರ ಜೋತಾಡುತ್ತಿತ್ತು, ತೋಳನ್ನು ನಾಲ್ಕು ಸುತ್ತು ಮಡಚಿರುತ್ತಿದ್ದ. ಎತ್ತರದ ಕಟ್ಟಡಗಳಿಗೆ ಸಾಮಾನು ಏರಿಸುವ ದೊಡ್ಡ ಕ್ರೇನಿನ ಚಾಲಕ ಅವನು. ಕುಡಿತವಿಲ್ಲ, ಜಗಳವಿಲ್ಲ, ಮಾತಂತೂ ಇಲ್ಲವೇ ಇಲ್ಲ. ಮದುವೆಯಾಗಿ ಒಂಬತ್ತು ವರ್ಷವಾದರೂ ಅತ್ತೆ-ಅಳಿಯನ ಮಾತು "ಊಟ ಆಯ್ತಾ", "ಆಯ್ತು ಅತ್ತೆ" ಎಂಬಲ್ಲಿಂದ ಮುಂದಕ್ಕೆ ಹೋಗಿರಲಿಲ್ಲ. ಮೈಮೇಲಿನ ಬಟ್ಟೆಯ ಮೇಲೆ ನಿಗಾ ಇಲ್ಲದವನು ಬದುಕಿನ ಮೇಲೆ ಏನು ನಿಗಾ ಇಟ್ಟಾನು ಎಂದು ತೋಳಕ್ಕ ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದಳು.

ಕಳೆದ ತಿಂಗಳು ಒಂದು ದಿನ ಅವನು ಕೆಲಸದಿಂದ ಬಂದು ಕೈಕಾಲು ತೊಳೆದು ಊಟಕ್ಕೆ ಕೂತ. ತಡವೇಕಾಯಿತೆಂದು ಹೆಂಡತಿ ಕೇಳಿದ್ದಕ್ಕೆ, "ಇಬ್ರು ಮೇಲೆ ಸಿಕ್ಕಿಹಾಕ್ಕೊಂಡಿದ್ರು, ಇಳಿಸ್ದೆ" ಎಂದ. ಅಷ್ಟೇ. ಮರುದಿನ ಪತ್ರಿಕೆಯಲ್ಲಿ ನೋಡಿದರೆ, ಎಂಟನೇ ಮಹಡಿಯ ಹೊರಗೆ ಕಟ್ಟಿದ ಅಟ್ಟಣಿಗೆ ಮುರಿದು ಇಬ್ಬರು ಬಣ್ಣದ ಕೆಲಸಗಾರರು ಒಂದು ಕೊಳವೆಗೆ ನೇತುಬಿದ್ದಿದ್ದರು. ಪಕ್ಕದ ಕಟ್ಟಡದ ಕ್ರೇನಿನಲ್ಲಿದ್ದವನು ಬಿರುಗಾಳಿಯಲ್ಲೇ ಕಬ್ಬಿಣದ ಬುಟ್ಟಿಯನ್ನು ಅವರ ಕಾಲಡಿಗೆ ತಂದು ನಿಲ್ಲಿಸಿ ಕೆಳಗಿಳಿಸಿದ್ದ. ಹೆಸರು ಅಳಿಯನದೇ. ಫೋಟೋದಲ್ಲಿದ್ದ ಜೋಲು ಶರ್ಟೂ ಅವನದೇ.

ನಗರಸಭೆಯವರು ಸನ್ಮಾನ ಮಾಡುತ್ತೇವೆಂದು ಪತ್ರ ಕಳಿಸಿದರು. ಶುಕ್ರವಾರ ಮಧ್ಯಾಹ್ನ, ನೂರಾರು ಜನರೆದುರು. ಮಗಳು ಆಸ್ಪತ್ರೆಯಲ್ಲಿ ನರ್ಸು. ಶುಕ್ರವಾರಕ್ಕೇನೋ ರಜೆ ಸಿಕ್ಕಿತ್ತು, ಆ ವಾರದ ಉಳಿದ ದಿನವೆಲ್ಲ ಅವಳಿಗೆ ಹಗಲು ಪಾಳಿ.

"ಅಮ್ಮಾ, ಅಂಗಡಿಗೆ ನೀನೇ ಕರ್ಕೊಂಡು ಹೋಗು. ಅವರೊಬ್ಬರನ್ನೇ ಕಳಿಸಿದ್ರೆ ಇನ್ನೊಂದು ಡೇರೆ ಹೊತ್ಕೊಂಡು ಬರ್ತಾರೆ" ಎಂದಳು.

ಹೀಗೆ ಬುಧವಾರ ಬೆಳಿಗ್ಗೆ ಅತ್ತೆ ಮುಂದೆ, ಅಳಿಯ ನಾಲ್ಕು ಹೆಜ್ಜೆ ಹಿಂದೆ, ಪೇಟೆಯ ಬಟ್ಟೆ ಅಂಗಡಿಗೆ ಹೊಕ್ಕರು. ಕುತ್ತಿಗೆಗೆ ಟೇಪು ಹಾಕಿಕೊಂಡ ಸಣಕಲು ಸೇಲ್ಸ್‌ಮನ್ ಅಳಿಯನನ್ನು ಅಡಿಯಿಂದ ಮುಡಿವರೆಗೆ ನೋಡಿ, ಅಂಗಡಿಯಲ್ಲಿದ್ದ ಅತಿ ದೊಡ್ಡ ಶರ್ಟನ್ನೇ ತೆಗೆದ. ಅಳಿಯನಿಗೆ ಸಮಾಧಾನವಾಯಿತು. "ಇದೇ ಆಗುತ್ತೆ ಅತ್ತೆ, ಹೋಗೋಣ" ಎಂದ.

"ಅವಸರ ಏನು? ಅದರೊಳಗೆ ನಾನೂ ಬರಬಹುದು" ಎಂದು ತೋಳಕ್ಕ ಅದನ್ನು ವಾಪಸು ಕೊಟ್ಟು, ಎರಡು ಅಳತೆ ಚಿಕ್ಕದನ್ನು ಕೇಳಿದಳು.

ಅವನು ಹಾಕಿಕೊಂಡು ಬಂದ. ಭುಜದ ಹೊಲಿಗೆ ಭುಜದ ಮೂಳೆಯ ಮೇಲೇ ಕೂತಿತ್ತು, ಕಾಲರಿನೊಳಗೆ ಎರಡು ಬೆರಳಾಡುವಷ್ಟು ಜಾಗವಿತ್ತು. ಒಂಬತ್ತು ವರ್ಷದಲ್ಲಿ ಮೊದಲ ಸಲ ಅಳಿಯನ ಮೈಕಟ್ಟು ಅವಳ ಕಣ್ಣಿಗೆ ಬಿತ್ತು. ಆದರೆ ಅವನ ಮುಖ ಸಪ್ಪಗಿತ್ತು. ಎರಡೂ ಕೈ ಮುಂದಕ್ಕೆ ಚಾಚಿ ಬಗ್ಗಿದ. ಬೆನ್ನಿನ ಮೇಲೆ ಬಟ್ಟೆ ಬಿಗಿದು ನಿಂತಿತು. ಪ್ಯಾಂಟಿನೊಳಗೆ ಸೇರಿಸಿದ್ದ ಶರ್ಟು ಪೂರ್ತಿ ಹೊರಗೆ ಬಂತು.

"ನೋಡಿ ಅತ್ತೆ, ನಾನು ದೊಡ್ಡದು ತಗೊಳ್ಳೋದು ಇದಕ್ಕೇನೆ" ಎಂದ. "ಕ್ಯಾಬಿನ್ನಲ್ಲಿ ಕೂತು ಕಾಲ ಸಂದಿಯಿಂದ ಕೆಳಗೆ ನೋಡ್ತಾ ಇರಬೇಕು, ಎರಡು ಕೈಯಲ್ಲೂ ಲಿವರ್. ಅಂಗಿ ಕೈನ ಕೂದಲೆಳೆಯಷ್ಟು ಹಿಡಿದ್ರೂ ಕೆಳಗೆ ಕ್ರೇನಿನ ಕೊಂಡಿ ಒಂದು ಗಜ ಆಡುತ್ತೆ. ಕೊಂಡಿ ಕೆಳಗೆ ಜನ ಇರ್ತಾರೆ."

ನಿಗಾ ಇಲ್ಲದವನೆಂದು ತೋಳಕ್ಕ ಅಂದುಕೊಂಡದ್ದು ಇವನನ್ನೇ. ಕೆಳಗಿನವರ ತಲೆ ಮೇಲೆ ತೂಗುವ ಹೊರೆ ಒಂದು ಗಜವೂ ಆಡಬಾರದೆಂದು, ನೋಡುವವರ ಕಣ್ಣಿಗೆ ಚೆನ್ನಾಗಿ ಕಾಣುವುದನ್ನೇ ಬಿಟ್ಟುಕೊಟ್ಟವನು! ಮೂರು ಹೊತ್ತೂ ಶರ್ಟಿನ ಬಗ್ಗೆಯೇ ಯೋಚಿಸುವ ತಾನು ಒಮ್ಮೆಯಾದರೂ ಯಾಕೆಂದು ಕೇಳಿರಲಿಲ್ಲ. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಸಿಟ್ಟು ಬಂದಾಗ ಅವಳು ಕೆಲಸ ಚೆನ್ನಾಗಿ ಮಾಡುವವಳು.

"ಅಳಿಯಂದ್ರೇ, ತಪ್ಪು ನಿಮ್ಮ ಮೈದಲ್ಲ, ಅಂಗಿದು" ಎಂದಳು. "ಕಂಕುಳ ಸುತ್ತು ನೋಡಿ, ಎಷ್ಟು ಕೆಳಗೆ ಇಳಿಸಿದಾನೆ. ಅದು ದೊಡ್ಡದಿದ್ರೆ ಕೈ ಎತ್ತಿದಾಗ ಇಡೀ ಅಂಗಿ ಕೈ ಜೊತೆ ಹೊರಡುತ್ತೆ. ಕಂಕುಳಿಗೆ ಹತ್ತಿರ ಕೂತಿದ್ರೆ ಕೈ ಮಾತ್ರ ಹೋಗುತ್ತೆ, ಅಂಗಿ ಇದ್ದಲ್ಲೇ ಇರುತ್ತೆ."

"ಚಿಕ್ಕದಾದ್ರೆ ಟೈಟಾಗಲ್ವಾ ಅಮ್ಮಾ?" ಎಂದ ಸೇಲ್ಸ್‌ಮನ್.

"ಟೈಟ್ ಬೇರೆ, ಹತ್ತಿರ ಬೇರೆ. ಸರಿ, ಆ ಕಡೆ ಹೋಗು, ನಾನೇ ನೋಡ್ತೀನಿ."

ಅವಳು ಕನ್ನಡಕ ಏರಿಸಿಕೊಂಡು ಒಂದೊಂದೇ ಶರ್ಟನ್ನು ಹ್ಯಾಂಗರಿನಿಂದ ಇಳಿಸಿ, ಒಳಗುಹೊರಗು ಮಾಡಿ, ತೋಳಿನ ಕಂಡಿಯಲ್ಲಿ ಮುಷ್ಟಿ ತೂರಿಸಿ ನೋಡುತ್ತ ಹೋದಳು. ಒಂದರ ತೋಳು ಸುಕ್ಕು, ಒಂದರ ಬೆನ್ನಿಗೆ ಬಟ್ಟೆ ಸಾಲದು. "ಇದನ್ನ ಯಾರು ಕೂಡಿಸಿದ್ದು, ನಿದ್ದೆಗಣ್ಣಲ್ಲಿ" ಎಂದು ಒಂದಕ್ಕೆ ಬೈದಳು. ಮೂರನೇ ಸಾಲಿನ ಕೊನೆಯಲ್ಲಿ ಮಬ್ಬು ನೀಲಿಯದೊಂದು ಸಿಕ್ಕಿತು. ಕಂಕುಳು ಮೇಲಿತ್ತು, ಭುಜದ ಪಟ್ಟಿಯ ಕೆಳಗೆ, ಬಗ್ಗಿದಾಗ ಹಿಗ್ಗಲೆಂದು, ಬೆನ್ನಿಗೆ ಎರಡು ನೆರಿಗೆ ಬಿಟ್ಟಿದ್ದರು. ಹೊಲಿದವರಿಗೆ ಮನಸ್ಸಿನಲ್ಲೇ ಶಾಬಾಸ್ ಎಂದಳು.

ಅವನು ಅದನ್ನು ಹಾಕಿಕೊಂಡು ಬಂದಾಗ ಒಂದು ಸ್ಟೂಲು ಎಳೆದಿಟ್ಟಳು. "ಕೂತ್ಕೊಳ್ಳಿ. ಇದೇ ನಿಮ್ಮ ಕ್ಯಾಬಿನ್ನು. ಅವತ್ತು ಹೆಂಗೆ ಮಾಡಿದ್ರಿ, ಹಂಗೆ ಮಾಡಿ."

ಅವನು ನಾಚಿಕೊಂಡೇ ಕೂತ. ಬಗ್ಗಿದ. ಎಡಗೈ ಮೆಲ್ಲಗೆ ಮುಂದೆ, ಬಲಗೈ ಒಂದಿಷ್ಟು ಹಿಂದೆ. ಬಟ್ಟೆ ಅಲುಗಲಿಲ್ಲ. ನಂಬಿಕೆ ಬಾರದೆ ಮತ್ತೊಮ್ಮೆ ಮಾಡಿದ. ಆಮೇಲೆ ಅವನ ಕಣ್ಣು ಅಂಗಡಿಯ ನೆಲವನ್ನು ಬಿಟ್ಟು ಬಹಳ ಕೆಳಗೆಲ್ಲೋ ಇಳಿಯಿತು.

"ಗಾಳಿ ಎಡಗಡೆಯಿಂದ" ಎಂದ, ಯಾರಿಗೂ ಅಲ್ಲವೆಂಬಂತೆ. "ಬುಟ್ಟಿ ಹೋಗಿ ಕೊಳವೆಗೆ ತಾಗಿದ್ರೆ ಇಬ್ರೂ ಹೋದ ಹಾಗೇ. ಅದಕ್ಕೆ ಒಂದು ಗೇಣು ದೂರ ನಿಲ್ಲಿಸ್ದೆ. ಗಾಳಿ ಉಸಿರು ತಗೊಳ್ಳೋವರೆಗೂ ಕಾದೆ. ಸ್ವಲ್ಪ ತಗ್ಗಿದ ಕೂಡ್ಲೇ ಹಿಂಗೆ…" ಎಡಗೈ ಬೆರಳಷ್ಟು ಸರಿಯಿತು. "ಒಬ್ಬ ಇಳಿದ. ಇನ್ನೊಬ್ಬ ಕೈ ಬಿಡ್ಲೇ ಇಲ್ಲ, ಭಯ. ಹನ್ನೊಂದು ನಿಮಿಷ ಬುಟ್ಟೀನ ಅವನ ಕಾಲಡಿಗೇ ಹಿಡಕೊಂಡಿದ್ದೆ. ಕಾಲಿಗೆ ಗಟ್ಟಿಯಾಗಿ ಏನೋ ಸಿಕ್ತಾ ಇದೆ ಅಂತ ಅವನಿಗೆ ಗೊತ್ತಾಗ್ಲಿ ಅಂತ. ಆಮೇಲೆ ಅವನೇ ಕೈ ಬಿಟ್ಟ."

ಅಂಗಡಿಯಲ್ಲಿದ್ದವರೆಲ್ಲ ಯಾವಾಗ ಸುತ್ತ ಬಂದು ನಿಂತರೋ ತಿಳಿಯಲಿಲ್ಲ. ಸೇಲ್ಸ್‌ಮನ್ ಅರ್ಧ ಮಡಚಿದ ಶರ್ಟನ್ನು ಎದೆಗವಚಿಕೊಂಡು ನಿಂತಿದ್ದ. ಯಾರೋ ಒಬ್ಬ ಹೆಂಗಸು, "ಇವರು ನಿಮಗೇನಾಗ್ಬೇಕು?" ಎಂದು ತೋಳಕ್ಕನನ್ನು ಕೇಳಿದಳು.

"ನನ್ನ ಅಳಿಯ" ಎಂದಳು ತೋಳಕ್ಕ. ಇಡೀ ಅಂಗಡಿಗೆ ಕೇಳಿಸಬೇಕೆಂದೇ ಹೇಳಿದಳು.

ತೋಳು ಒಂದಂಗುಲ ಉದ್ದವಿತ್ತು, ಸೊಂಟದ ಹತ್ತಿರ ತುಸು ಸಡಿಲ. ಅಂಗಡಿಯವರೇ ಸರಿಮಾಡಿಕೊಡುತ್ತೇವೆಂದರು. ತೋಳಕ್ಕ ಒಪ್ಪಲಿಲ್ಲ, ಆ ಶರ್ಟಿಗೆ ಬೇರೆಯವರ ಕತ್ತರಿ ತಾಗಕೂಡದು. ಅಂದೇ ಮಧ್ಯಾಹ್ನ ಕಿಟಕಿ ಪಕ್ಕದಲ್ಲಿ ತನ್ನ ಹಳೇ ಮಿಷನ್ನಿಗೆ ಎಣ್ಣೆ ಬಿಟ್ಟು ಕೂತಳು. ಹೊಲಿಗೆ ಬಿಚ್ಚಿದ್ದು ಎಲ್ಲಿ, ಹಾಕಿದ್ದು ಎಲ್ಲಿ ಎಂದು ಹುಡುಕಿದರೂ ಸಿಗದಂತೆ ಮಾಡಿಟ್ಟಳು.

ಶುಕ್ರವಾರ ಸಭಾಂಗಣದ ಎರಡನೇ ಸಾಲಿನಲ್ಲಿ ತಾಯಿ-ಮಗಳು ಕೂತರು. ಅಳಿಯ ವೇದಿಕೆ ಹತ್ತಿದಾಗ ಮಗಳು ತಾಯಿಯ ಮೊಣಕೈ ಹಿಡಿದು, "ಅಮ್ಮಾ, ಇವರು ಇಷ್ಟು ಚೆನ್ನಾಗಿದ್ದಾರಾ?" ಎಂದಳು. ಅಧ್ಯಕ್ಷರು ಪದಕದ ಪಿನ್ನನ್ನು ಎದೆಯ ಬಟ್ಟೆಗೆ ಚುಚ್ಚುವಾಗ ತೋಳಕ್ಕನ ಜೀವ ಚುರ್ ಎಂದಿತು, ಆದರೆ ಸಹಿಸಿಕೊಂಡಳು. ಆಗ ಮುಂದಿನ ಸಾಲಿನಿಂದ ಇಬ್ಬರು ಎದ್ದು ವೇದಿಕೆಗೆ ಓಡಿದರು. ಬಣ್ಣದ ಕೆಲಸಗಾರರು. ಅವರಲ್ಲಿ ಚಿಕ್ಕವನು ಅಳಿಯನನ್ನು ತಬ್ಬಿಕೊಂಡವನು ಬಿಡಲೇ ಇಲ್ಲ. ಅಳಿಯ ಎರಡೂ ತೋಳೆತ್ತಿ ಅವನನ್ನು ಬಳಸಿ ಹಿಡಿದ. ತೋಳಕ್ಕ ತಾನೂ ಅರಿಯದೆ ಎದ್ದು ನಿಂತಿದ್ದಳು. ಅಷ್ಟು ಹೊತ್ತು ಅವಳಿಗೆ ಶರ್ಟಿನ ನೆನಪೇ ಆಗಲಿಲ್ಲ.

ಮರುದಿನ ಬೆಳಿಗ್ಗೆ ಅಳಿಯ ಅದೇ ನೀಲಿ ಶರ್ಟು ತೊಟ್ಟು ಕೆಲಸಕ್ಕೆ ಹೊರಟ.

"ಅಯ್ಯೋ, ಗ್ರೀಸಾಗುತ್ತೆ, ಅದನ್ನ ತೆಗೆದಿಡಿ" ಎಂದಳು ಮಗಳು.

"ಹಾಕ್ಕೊಂಡು ಹೋಗ್ಲಿ ಬಿಡೇ" ಎಂದಳು ತೋಳಕ್ಕ. "ಶರ್ಟು ಹೊಲಿಯೋದು ಬೀರುವಿನಲ್ಲಿ ಇಡೋಕಲ್ಲ. ಅಳಿಯಂದ್ರೇ, ಸಂಜೆ ಬೇಗ ಬನ್ನಿ. ಎದೆ, ಬೆನ್ನು, ತೋಳು ಎಲ್ಲ ಸರಿಯಾಗಿ ಅಳತೆ ತಗೋಬೇಕು. ಇನ್ನು ಮೇಲೆ ನಿಮ್ಮ ಕೆಲಸದ ಅಂಗಿ ನಾನೇ ಹೊಲೀತೀನಿ."

ಅವನು ಬಾಗಿಲಲ್ಲಿ ನಿಂತು ಸ್ವಲ್ಪ ಯೋಚಿಸಿದ. "ಬೆನ್ನಿಗೆ ನೆರಿಗೆ ಎರಡಲ್ಲ ಅತ್ತೆ, ಮೂರು ಇದ್ರೆ ಇನ್ನೂ ಚೆನ್ನಾಗಿರುತ್ತೆ" ಎಂದ.

ತೋಳಕ್ಕ ಅದಾಗಲೇ ಸೀಮೆಸುಣ್ಣ ಹುಡುಕುತ್ತಿದ್ದಳು.