ಎಡಗಡೆಯ ಬೋಲ್ಟು

ವೆಂಕಟರಾಮು ಗರಾಜಿನ ಬೀರುವಿನಿಂದ ರೈಫಲ್ಲನ್ನು ಹೊರಗೆಳೆಯುತ್ತಿದ್ದಾಗ ಆಶಾರಾಣಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ಗಂಡ ದೇವೇಂದ್ರನ ದೇಹ ಇನ್ನೂ ಫ್ಯೂನರಲ್ ಹೋಮಿನಲ್ಲಿತ್ತು. ಎಲ್ಲರೂ ಅಲ್ಲಿಗೆ ಹೊರಡುವ ಮೊದಲು ಒಂದು ಲೋಟ ಕಾಫಿಗೆಂದು ಬಂದ ಗಂಡನ ಈ ಗೆಳೆಯ, ಪೇಂಟ್ ಡಬ್ಬಿಗಳ ಹಿಂದಿನಿಂದ ಬೀರುವಿನ ಕೀಯನ್ನು ತಾನೇ ಹುಡುಕಿ ತೆಗೆದಿದ್ದ. ಉಪ್ಪಿಟ್ಟು ತಿಂದ ಕೈಯನ್ನು ತೊಳೆದಿರಲಿಲ್ಲ. ಹೊಸ ಮರದ ಹಿಡಿಯ ಮೇಲೆ ಎಣ್ಣೆಯ ಬೆರಳಚ್ಚುಗಳು ಮೂಡಿದ್ದವು.

"ಅತ್ತಿಗೆ, ಇದೇ ಅಲ್ವಾ ಹೊಸ ಟ್ವೆಂಟಿಟೂ ರೈಫಲ್ಲು? ಮೊಲಕ್ಕೆ, ಅಳಿಲಿಗೆ ಹೇಳಿ ಮಾಡಿಸಿದಂಗಿದೆ. ದೇವಣ್ಣ ನಂಗೇ ಕೊಡ್ತೀನಿ ಅಂದಿದ್ರು."

ದೇವೇಂದ್ರ ಯಾರಿಗೂ ಹಾಗೆ ಹೇಳಿರಲಿಲ್ಲ. ಸತ್ತವನು ಎದ್ದು ಬಂದು ಇಲ್ಲವೆನ್ನುವುದಿಲ್ಲ ಎಂಬ ಧೈರ್ಯ ಇವನಿಗೆ.

ವೆಂಕಟರಾಮು ರೈಫಲ್ಲನ್ನು ಭುಜಕ್ಕೇರಿಸಿ ಒಂದು ಕಣ್ಣು ಮುಚ್ಚಿದ. ಗುಂಡು ತುಂಬಲು ಎಳೆಯುವ ಬೋಲ್ಟಿಗಾಗಿ ಅವನ ಬಲಗೈ ತಡಕಾಡಿತು. ಅಲ್ಲಿ ಏನೂ ಇರಲಿಲ್ಲ.

"ಇದೇನಿದು? ಬೋಲ್ಟು ಎಡಗಡೆ ಇದೆಯಲ್ಲ! ಅಂಗಡಿಯವನು ದೇವಣ್ಣಂಗೆ ಟೋಪಿ ಹಾಕಿದಾನೆ ನೋಡಿ. ಹೋಗ್ಲಿ ಬಿಡಿ, ನಾನು ಎಕ್ಸ್‌ಚೇಂಜ್ ಮಾಡಿಸ್ಕೋತೀನಿ."

"ಅಲ್ಲೇ ಇಡಿ," ಎಂದಳು ಆಶಾರಾಣಿ.

ಅವನು ಇಟ್ಟ, ಬೀಗವನ್ನೂ ಹಾಕಿದ. ಆದರೆ ಕೀಯನ್ನು ತನ್ನ ಜೇಬಿಗಿಳಿಸಿದ. "ಮನೇಲಿ ಜನ ಬರ್ತಾರೆ, ಹೋಗ್ತಾರೆ. ನನ್ ಹತ್ರ ಸೇಫಾಗಿರತ್ತೆ."

ಶಿಕಾಗೊದಿಂದ ರಾತ್ರಿಯಷ್ಟೇ ಬಂದಿದ್ದ ಮಗಳು ಇಶಾ ತಾಯಿಯ ಹಿಂದಿನಿಂದ ಪಿಸುಗುಟ್ಟಿದಳು. "ಅಮ್ಮಾ, ಜಸ್ಟ್ ಲೆಟ್ ಹಿಮ್ ಹ್ಯಾವ್ ಇಟ್. ಇಟ್ಸ್ ಗ್ರೋಸ್."

ಆಶಾರಾಣಿಗೆ ನಿಜವಾಗಿ ಹೇಸಿಗೆಯಾಗಿದ್ದು ಆ ಜೇಬನ್ನು ಕಂಡು. ಪ್ರತಿ ಚಳಿಗಾಲದ ಶನಿವಾರ ಈ ಗರಾಜಿನಲ್ಲೇ ದೇವೇಂದ್ರ ಪುಟ್ಟ ಗ್ಯಾಸ್ ಒಲೆಯ ಮೇಲೆ ಮೊಲದ ಸಾರು ಮಾಡುತ್ತಿದ್ದ. ವೆಂಕಟರಾಮು ಮೂಳೆ ಚೀಪಿ, ಮೌತ್‌ವಾಶಿನಿಂದ ಬಾಯಿ ಮುಕ್ಕಳಿಸಿ, ಏನೂ ತಿನ್ನದವನ ಮುಖ ಹೊತ್ತು ಮನೆಗೆ ಹೋಗುತ್ತಿದ್ದ. ಕನ್ನಡ ಸಂಘದ ಅಧ್ಯಕ್ಷೆ ಚೇತನಾ, "ಅಳಿಲು ತಿನ್ನೋರ ಮನೆ ಅಡುಗೆ ದೀಪಾವಳಿ ಪಾಟ್‌ಲಕ್ ಊಟಕ್ಕೆ ಬೇಡ" ಎಂದು ಸಭೆಯಲ್ಲೇ ಹೇಳಿದಾಗ ಎಲ್ಲರಿಗಿಂತ ಮೊದಲು ತಲೆಯಾಡಿಸಿದವನೂ ಇವನೇ. ದೇವೇಂದ್ರ ನಕ್ಕುಬಿಟ್ಟಿದ್ದ. ಆಶಾರಾಣಿ ಅದನ್ನು ಇವತ್ತಿಗೂ ಮರೆತಿಲ್ಲ.

*

ಆಗಸ್ಟಿನಲ್ಲಿ ದೇವೇಂದ್ರ ಬಂದೂಕಿನ ಅಂಗಡಿಗೆ ಅವಳನ್ನು ಕರೆದೊಯ್ದದ್ದು ಸುಮ್ಮನೆ ಜೊತೆಗಿರಲೆಂದು. ಸ್ಟರ್ಲಿಂಗ್ ಹೈಟ್ಸಿನ ಕಾರಿನ ತಗಡು ಒತ್ತುವ ಸ್ಟಾಂಪಿಂಗ್ ಪ್ಲಾಂಟಿನಲ್ಲಿ ಅಚ್ಚು ಮಾಡುವ ಡೈ ಇಂಜಿನಿಯರ್ ಆಗಿದ್ದ ದೇವೇಂದ್ರ ಒಂದು ಸ್ಕ್ರೂಡ್ರೈವರ್ ಕೊಳ್ಳಲೂ ಅರ್ಧ ದಿನ ತೆಗೆದುಕೊಳ್ಳುವವನು. ಅಂಗಡಿಯ ಹುಡುಗ ಇನ್ನೂ ವೇಗದ ಗುಂಡಿನ, ಇನ್ನೂ ದುಬಾರಿ ರೈಫಲ್ಲೊಂದನ್ನು ಮುಂದಿಟ್ಟ. ದೇವೇಂದ್ರ ಬೇಡವೆಂದ.

"ಅದ್ರಲ್ಲಿ ಹೊಡೆದ್ರೆ ಮಾಂಸ ಚಿಂದಿ ಆಗತ್ತೆ, ಆಶಾ. ತಿನ್ನೋದಕ್ಕೆ ಹೊಡಿಯೋದು ನಾವು, ಶೋಕಿಗಲ್ಲ."

ಗುರಿ ನೋಡಲು ರೈಫಲ್ಲಿನ ಮೇಲೆ ಕೂರಿಸುವ, ಜಿಂಕೆ ಬೇಟೆಯ ದೊಡ್ಡ ಸ್ಕೋಪೂ ಬೇಡವೆಂದ. ಅದನ್ನು ನೂರು ಗಜ ದೂರಕ್ಕೆ ಹೊಂದಿಸಿರುತ್ತಾರೆ, ಅಳಿಲು ಕೂರುವುದು ಇಲ್ಲೇ ತಲೆಯ ಮೇಲಿನ ಕೊಂಬೆಯಲ್ಲಿ. ಹತ್ತಿರಕ್ಕೆಂದೇ ಮಾಡಿದ, ನಾಲ್ಕು ಪಟ್ಟು ಮಾತ್ರ ದೊಡ್ಡದು ತೋರಿಸುವ ಪುಟ್ಟ ಸ್ಕೋಪನ್ನು ಆರಿಸಿದ. ಆಮೇಲೆ ಕನ್ನಡಕ ಹುಡುಕಲು ಜೇಬು ತಡವುತ್ತ ರೈಫಲ್ಲನ್ನು ಅವಳ ಕೈಗೆ ಕೊಟ್ಟ. ಅವಳು ಯೋಚಿಸದೆ ಎತ್ತಿ ಎಡಭುಜಕ್ಕೆ ಇಟ್ಟಳು. ಅವನು ನೋಡಿದ್ದು ಕಂಡು ತಟ್ಟನೆ ಬಲಕ್ಕೆ ಬದಲಾಯಿಸಿದಳು.

ಚಿಕ್ಕವಳಿದ್ದಾಗ ಎಡಗೈಯಿಂದ ಅನ್ನ ಮುಟ್ಟಿದರೆ ಅಮ್ಮ ಸೌಟಿನಿಂದ ಬಾರಿಸುತ್ತಿದ್ದಳು. ಥೂ, ಅದು ತೊಳೆಯುವ ಕೈ. ಬರೆಯುವುದು, ಬಡಿಸುವುದು, ಕುಂಕುಮ ಕೊಡುವುದು ಎಲ್ಲವನ್ನೂ ಬಲಗೈಗೆ ಕಲಿಸಿದ್ದಾಗಿತ್ತು. ಮೈಮರೆತಾಗ ಮಾತ್ರ ಆ ಇನ್ನೊಂದು ಕೈ ತಾನಾಗಿ ಮುಂದೆ ಬರುತ್ತಿತ್ತು.

"ಯಾಕೆ ಬದಲಾಯ್ಸ್ದೆ? ಮೊದ್ಲು ಇಟ್ಟಂಗೇ ಇಡು."

ಅವಳ ಎರಡೂ ಅಂಗೈ ಸೇರಿಸಿ ನಡುವೆ ಕಿಂಡಿ ಮಾಡಿಸಿ, ಅದರಿಂದ ಗೋಡೆ ಗಡಿಯಾರ ನೋಡೆಂದ. ಒಂದೊಂದೇ ಕಣ್ಣು ಮುಚ್ಚಿಸಿದ. ಎಡಗಣ್ಣು ಮುಚ್ಚಿದಾಗ ಗಡಿಯಾರ ಮಾಯವಾಯಿತು.

"ನಿನ್ ಗುರಿ ಹಿಡಿಯೋ ಕಣ್ಣೂ ಎಡವೇ ಕಣೇ! ಇಷ್ಟು ವರ್ಷ ನಂಗೆ ಗೊತ್ತೇ ಇರ್ಲಿಲ್ವಲ್ಲ," ಎಂದು ಅಂಗಡಿಯೆಲ್ಲ ತಿರುಗಿ ನೋಡುವಂತೆ ನಕ್ಕ. ಎಡಗೈಯವರ ರೈಫಲ್ಲಿಗೆ ಅಲ್ಲೇ ಆರ್ಡರ್ ಕೊಟ್ಟ.

"ನಂಗ್ಯಾಕ್ರೀ? ರಕ್ತ ಕಂಡ್ರೇ ಹೇಸಿಗೆ ನಂಗೆ."

"ಹೇಸಿಗೆ ಪಡೋರೇ ಸರಿಯಾಗಿ ಗುರಿ ಇಡೋದು. ಅರ್ಧ ಜೀವ ಹೋಗಿ ಒದ್ದಾಡೋದನ್ನ ನೋಡಕ್ಕಾಗಲ್ವಲ್ಲ ನಿಂಗೆ? ಮನಸ್ಸಿಲ್ದಿದ್ರೆ ಹೊಡೀಬೇಡ. ಜೊತೇಲಿ ಬಂದು ಕೂತ್ಕೋ ಸಾಕು. ತಿನ್ನಕ್ಕೆ ಬರ್ತಾರೆ ಎಲ್ರೂ, ಕಾಡಲ್ಲಿ ಒಬ್ಬನೇ ಕೂರ್ತೀನಿ ನಾನು."

ಶೂಟಿಂಗ್ ಅಭ್ಯಾಸದ ರೇಂಜಿನಲ್ಲಿ ಕಾಗದದ ಗುರಿಗೆ ಹೊಡೆಯಲು ಕಲಿಸಿದ. ಮೊಣಕೈ ಪಕ್ಕೆಗೆ ಒತ್ತು, ಅರ್ಧ ಉಸಿರು ಬಿಡು, ಉಳಿದರ್ಧ ಹಿಡಿ. ಅಷ್ಟು ನಿರಾಳವಾಗಿ ಅವಳು ಬೇರೆ ಯಾವ ಕೆಲಸವನ್ನೂ ಮಾಡಿರಲಿಲ್ಲ. ಬೇಟೆಯ ಸೀಸನ್ ಶುರುವಾಗುವ ಮೊದಲೇ ಪ್ಲಾಂಟಿನ ಪಾರ್ಕಿಂಗಿನಲ್ಲಿ ಅವನ ಎದೆಬಡಿತ ನಿಂತಿತು.

*

ಫ್ಯೂನರಲ್ ಹೋಮಿನಲ್ಲಿ ಚೇತನಾ ಮೈಕ್ ಹಿಡಿದಿದ್ದಳು.

"ದೇವೇಂದ್ರ ಅವರು ಎಂಥ ಸಾತ್ವಿಕ ಜೀವ. ಒಂದು ಇರುವೆಗೂ ನೋವು ಮಾಡಿದೋರಲ್ಲ."

ಮೊದಲ ಸಾಲಿನಲ್ಲಿ ವೆಂಕಟರಾಮು ಕಣ್ಣೊರೆಸಿಕೊಂಡು ತಲೆಯಾಡಿಸಿದ. ಆಶಾರಾಣಿ ಅವನಿಂದ ಮುಖ ತಿರುಗಿಸಿದಳು. ಸತ್ತ ಮೇಲಾದರೂ ದೇವೇಂದ್ರನನ್ನು ಅವನಾಗಿರಲು ಬಿಡಬಾರದೇ?

ಬಾಯಿಗೆ ಅಕ್ಕಿ ಹಾಕುವ ಹೊತ್ತಾಯಿತು. ಇಲ್ಲಿಯವರು ಸತ್ತವರ ತುಟಿಗಳನ್ನು ಬಿಗಿದು ಮುಚ್ಚಿಬಿಡುತ್ತಾರೆ. ಮೊದಲು ಬಂದವರು ಹಾಕಿದ ಅಕ್ಕಿಯೆಲ್ಲ ಜಾರಿ ಸೂಟಿನ ಕಾಲರಿನಲ್ಲಿ ಬಿದ್ದಿತ್ತು. ಆಶಾರಾಣಿ ತಟ್ಟೆಯಿಂದ ಅಕ್ಕಿ ತೆಗೆದಳು. ಬಲಗೈ ನಡುಗಿ ಅರ್ಧ ನೆಲಕ್ಕೆ ಚೆಲ್ಲಿತು. ಉಳಿದದ್ದನ್ನು ಎಡಗೈಗೆ ಸುರಿದುಕೊಂಡಳು.

"ಆಶಾ, ಬಲಗೈ, ಬಲಗೈ!" ಚೇತನಾ ಕಿವಿಯ ಹತ್ತಿರ ಬಂದು ಉಸುರಿದಳು. "ಎಡಗೈಲಿ ಹಾಕ್ಬಾರ್ದು, ಅಪಚಾರ."

ಆಶಾರಾಣಿ ಎಡ ಮೊಣಕೈಯನ್ನು ಪಕ್ಕೆಗೆ ಒತ್ತಿದಳು. ಅರ್ಧ ಉಸಿರು ಬಿಟ್ಟಳು. ಕೈ ಅಲುಗದೆ ನಿಂತಿತು. ಅಕ್ಕಿ ಒಂದು ಕಾಳೂ ಜಾರದಂತೆ ತುಟಿಗಳ ನಡುವಿನ ಗೆರೆಯ ಮೇಲೆ ಕುಳಿತಿತು.

ವೆಂಕಟರಾಮು ಆ ಕೈಯನ್ನೇ ನೋಡುತ್ತಿದ್ದ. ಅವನ ಬಾಯಿ ನಿಧಾನವಾಗಿ ತೆರೆದುಕೊಂಡಿತು.

ಅವಳು ನೇರ ಅವನ ಮುಂದೆ ಬಂದು ನಿಂತು ಅದೇ ಕೈಯನ್ನು ಚಾಚಿದಳು.

"ಕೀ ಕೊಡಿ."

"ಅತ್ತಿಗೆ... ಈ ಕೈಗಾ?"

ಅವಳು ಕೈ ಹಿಂದಕ್ಕೆ ತೆಗೆಯಲಿಲ್ಲ. ಎಲ್ಲರೂ ನೋಡುತ್ತಿದ್ದರು. ಅವನು ಜೇಬಿಗೆ ಕೈ ಹಾಕಿದ. ಅವಳ ಎಡ ಅಂಗೈಯಲ್ಲಿ ಬೆವರಿಗೆ ಅಂಟಿ ಉಳಿದಿದ್ದ ನಾಲ್ಕಾರು ಅಕ್ಕಿಕಾಳುಗಳ ಮೇಲೆ ಗರಾಜಿನ ಬೀರುವಿನ ಕೀ ಬಂದು ಬಿತ್ತು.