ಮೆಂಬರಿಗೆ ಮದುವೆ ಕರೆ

"ರಾಜ ಪಾರ್ಲಿಮೆಂಟನ್ನೇ ಮುಚ್ಚಿಬಿಟ್ಟನಂತೆ ಪಿಳ್ಳಣ್ಣ. ಈಗ ನಮ್ಮನೆಯವರು ಬರ್ತಾರೋ ಇಲ್ವೋ?"

ಜಗಲಿಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದ ಪಿಳ್ಳಪ್ಪನ ಕೈ ನಿಂತಿತು. ಪಕ್ಕದ ಮನೆಯ ನೂರುನ್ನೀಸಾ ಕೇಳಿದ್ದು ಕುವೈತಿನ ಮಾತು ಎಂದು ಹೊಳೆಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅವಳ ಗಂಡ ಅನೀಸ್ ಅಹಮದ್ ಹನ್ನೊಂದು ವರ್ಷದಿಂದ ಅಲ್ಲಿಯ ಪಾರ್ಲಿಮೆಂಟ್ ಮೆಂಬರೊಬ್ಬರ ಮನೆಯಲ್ಲಿ ಅಡಿಗೆಯವನು. ಮಗಳು ಅಂಬರೀನಳ ನಿಕಾಹ್‌ಗೆ ಇನ್ನು ಹನ್ನೆರಡೇ ದಿನ. ಅವನ ಪಾಸ್‌ಪೋರ್ಟು ಆ ಮೆಂಬರ್ ಸಾಹೇಬರ ಬೀರುವಿನಲ್ಲಿ, ಅವರು ತೆಗೆದುಕೊಡದೆ ಹೊರಡುವಂತಿಲ್ಲ.

"ರಾಜ ಇದ್ದ ಮೇಲೆ ಪಾರ್ಲಿಮೆಂಟು ಯಾಕಿತ್ತು?"

"ನಂಗೇನ್ ಗೊತ್ತಣ್ಣ. ಪಾರ್ಟಿ ಜಗಳವಂತೆ, ಮೇಲೆ ಶಿಯಾ ಸುನ್ನಿ ಅಂತ ಬೇರೆ. ನಾಲ್ಕು ವರ್ಷದವರೆಗೂ ಎಲೆಕ್ಷನ್ ಇಲ್ಲದೇ ಇರಬಹುದಂತೆ."

"ಎಲ್ಲಾ ನಿಮ್ಮೋರೇ ಅಲ್ವೇನಮ್ಮ? ಅವರವರಲ್ಲೇ ಜಗಳವಾ?"

"ನಿಮ್ಮೋರು ಜಗಳಾನೇ ಆಡಲ್ವಾ?"

ಒಳಗಿನಿಂದ ಪಿಳ್ಳಪ್ಪನ ಹೆಂಡತಿ ಮುನಿತಾಯಮ್ಮ ನಕ್ಕಳು. "ಸರಿಯಾಗಿ ಕೇಳಿದೆ ಬಿಡು! ಇವರು ಒಡಹುಟ್ಟಿದ ತಮ್ಮನ ಹತ್ರ ಮಾತು ಬಿಟ್ಟು ಎಂಟು ವರ್ಷ."

"ನೀವು ಪಂಚಾಯ್ತಿ ಮೆಂಬರಾಗಿದ್ದೋರು, ನಿಮಗಾದ್ರೂ ತಿಳೀತದೆ" ಅಂತ ನೂರುನ್ನೀಸಾ ಗಂಡನಿಗೆ ಫೋನು ಹಚ್ಚಿ ಪಿಳ್ಳಪ್ಪನ ಕೈಗೆ ಕೊಟ್ಟಳು.

"ತಲೆ ಕೆಟ್ಟೋಗಿದೆ ಪಿಳ್ಳಣ್ಣ" ಅಂದ ಅನೀಸ. "ಸಾಹೇಬರು ಸಂಜೆಯಾದ್ರೆ ಬಿಳೀ ಉಡುಪು ಹಾಕ್ಕೊಂಡು ಹಾಲ್‌ನಲ್ಲಿ ಬಂದು ಕೂತ್ಕೋತಾರೆ. ಮುಂಚೆ ಕಷ್ಟಸುಖ ಹೇಳ್ಕೊಳ್ಳೋಕೆ ದಿನಾ ನಲವತ್ತು ಜನ ಬರ್ತಿದ್ರು. ಈಗ ಒಂದು ನರಪಿಳ್ಳೆ ಇಲ್ಲ. ಆದ್ರೂ ನಲವತ್ತು ಜನಕ್ಕೆ ಚಾ ಮಾಡು ಅಂತಾರೆ. ಮಾಡ್ತೀನಿ, ಚೆಲ್ತೀನಿ. ಮಾತೇ ಆಡಲ್ಲ ಅವರು. ರಜಾ ಹೆಂಗೆ ಕೇಳಲಿ?"

ಪಿಳ್ಳಪ್ಪನಿಗೆ ತನ್ನ ಮೆಂಬರಗಿರಿಯ ಕೊನೆ ನೆನಪಾಯಿತು. ಇಪ್ಪತ್ತೈದು ವರ್ಷದ ಹಿಂದೆ ದೇವರ ಮೆರವಣಿಗೆ ಮಸೀದಿ ಬೀದಿಯಲ್ಲಿ ಹೋಗಬೇಕೋ ಬೇಡವೋ ಅಂತ ಊರು ಎರಡಾಗಿತ್ತು. ಪಂಚಾಯ್ತಿಯೂ ಎರಡಾಯಿತು. ಮೇಲಿಂದ ಆರ್ಡರು ಬಂತು, ಪಂಚಾಯ್ತಿ ರದ್ದು, ಮೆಂಬರುಗಳೆಲ್ಲ ಮನೆಗೆ ಹೋಗಿ ಅಂತ. ಸಹಿ ಹಾಕುವಷ್ಟೇ ಕಲಿತಿದ್ದ ಅವನಿಗೆ ಆ ಕಾಗದವನ್ನು ಬೇರೆಯವರೇ ಓದಿ ಹೇಳಿದರು. ಆಮೇಲೂ ಎರಡು ತಿಂಗಳು ದಿನಾ ಬೆಳಿಗ್ಗೆ ಬಿಳೀ ಅಂಗಿ ತೊಟ್ಟು, ಬೀಗ ಬಿದ್ದ ಆಫೀಸಿನ ಮುಂದಿನ ಬೆಂಚಿನ ಮೇಲೆ ಹೋಗಿ ಕೂರುತ್ತಿದ್ದ. ಯಾಕೆ ಅಂತ ಅವನಿಗೂ ಗೊತ್ತಿರಲಿಲ್ಲ. ಎರಡೂ ಕಡೆಯವರು ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಒಬ್ಬರು ಮಾತ್ರ ಬೆಂಚಿನ ತನಕ ಬಂದರು, ಈ ಅನೀಸನ ಅಪ್ಪ. "ಮೆಂಬ್ರೇ, ನಮ್ಮ ಹುಡುಗನ ಮದುವೆ. ನೀವು ಮುಂದೆ ನಿಂತು ನಡೆಸಿಕೊಡಬೇಕು" ಅಂತ ಲಗ್ನಪತ್ರಿಕೆ ಕೈಗಿಟ್ಟರು. ಮಾರನೇ ದಿನದಿಂದ ಪಿಳ್ಳಪ್ಪ ಆ ಬೆಂಚಿನ ಕಡೆ ಹೋಗಲಿಲ್ಲ.

"ಲೋ ಅನೀಸು, ರಜಾ ಕೇಳಬೇಡ."

"ಮತ್ತೆ?"

"ಹೋದ ವಾರ ಅಲ್ಲಿಗೆ ಬಂದ ಹೊಸಕೋಟೆಯೋರ ಕೈಲಿ ಕಳಿಸಿದ ಮದುವೆ ಕಾರ್ಡು ನಿನಗೆ ಸಿಕ್ತಲ್ಲ? ಚಾ ತಟ್ಟೆ ಬಿಟ್ಟು, ಒಳ್ಳೇ ಅಂಗಿ ಹಾಕ್ಕೊಂಡು ಹೋಗಿ ಅವರನ್ನ ಮದುವೆಗೆ ಕರಿ."

"ಅವರನ್ನಾ? ನಮ್ಮೂರಿಗಾ? ಎಂಪಿ ಕಣಣ್ಣ ಅವರು!"

"ಈಗಲ್ಲವಲ್ಲ."

ನೂರುನ್ನೀಸಾಗೆ ರೇಗಿತು. "ಗಂಡ ಬರೋಕೆ ದಾರಿ ಕೇಳಿದ್ರೆ ಊಟಕ್ಕೆ ಇನ್ನೊಬ್ಬರನ್ನ ಕರೆಸ್ತಿದ್ದೀರಲ್ಲ ಪಿಳ್ಳಣ್ಣ!" ಅಂತ ಫೋನು ಕಿತ್ತುಕೊಂಡು ಹೋದಳು. ತಾನು ಹೇಳಿದ್ದು ಸರಿಯೋ ತಪ್ಪೋ ಪಿಳ್ಳಪ್ಪನಿಗೂ ತಿಳಿಯಲಿಲ್ಲ. ರಾಜರಿರುವ ಊರಿನ ಮೆಂಬರೂ ಹಳ್ಳಿ ಮೆಂಬರೂ ಒಂದೇ ಥರ ಇರುತ್ತಾರೆ ಅಂತ ಯಾರು ಹೇಳಿದ್ದಾರೆ? ಎರಡು ದಿನ ಅವಳು ಈ ಕಡೆ ತಿರುಗಿ ನೋಡಲಿಲ್ಲ.

ಮೂರನೇ ದಿನ ಬೆಳಿಗ್ಗೆ ಫೋನು ಹಿಡಿದು ಓಡಿಬಂದಳು. ಅನೀಸ ಒಂದು ಫೋಟೋ ಕಳಿಸಿದ್ದ. ಅದರ ಮೂಲೆಯಲ್ಲಿ ಅವನ ಹೆಬ್ಬೆರಳು, ಬೆರಳಿನಡಿ ನೀಲಿ ಪಾಸ್‌ಪೋರ್ಟು.

"ಸಿಕ್ತು ಅಣ್ಣ, ನೋಡಿ, ಇಲ್ಲಿ ನೋಡಿ" ಅಂತ ಅಳುತ್ತಾ ನಗುತ್ತಾ ಆ ಮೂಲೆಯನ್ನೇ ತೋರಿಸಿದಳು.

ಪಿಳ್ಳಪ್ಪ ಅವಳ ಬೆರಳನ್ನು ಮೆಲ್ಲಗೆ ಸರಿಸಿದ. ಸಾಹೇಬರ ಉದ್ದನೆಯ ಹಾಲ್. ಎರಡೂ ಗೋಡೆಗುಂಟ ಖಾಲಿ ದಿಂಬುಗಳು. ಆ ಕೊನೆಯಲ್ಲಿ ಬಿಳೀ ಉಡುಪಿನ ಮುದುಕರೊಬ್ಬರು ಕನ್ನಡಕ ಏರಿಸಿಕೊಂಡು, ಕನ್ನಡದ ಲಗ್ನಪತ್ರಿಕೆಯನ್ನು ತಲೆಕೆಳಗಾಗಿ ಹಿಡಿದು, ಕಣ್ಣಿನ ಹತ್ತಿರ ತಂದು ನೋಡುತ್ತಿದ್ದರು.