ಬಲಗಾಲಿನ ರಫು

"ಈ ರಫು ಯಾರು ಮಾಡಿದ್ದು?"

ಮಗಳ ಶಾಲೆಯ ಪ್ಯಾಂಟನ್ನು ಕಿಟಕಿಯ ಬೆಳಕಿಗೆ ಹಿಡಿದು ದರ್ಜಿ ಕೇಳಿದ. ಉದ್ದ ಸಾಲದೆಂದು ಅಂಚು ಬಿಚ್ಚಲು ಕೂತಿದ್ದವನಿಗೆ ಬಲಗಾಲಿನ ಹಿಂಭಾಗದಲ್ಲಿ ಒಳಹೊಲಿಗೆಯೊಂದು ಬೆರಳಿಗೆ ತಗುಲಿತ್ತು. ಹೊರಗಿನಿಂದ ನೋಡಿದರೆ ಏನೇನೂ ಕಾಣದು. ದಾರವನ್ನೂ ಅದೇ ಬಟ್ಟೆಯ ಅಂಚಿನಿಂದ ಎಳೆದು ಹೊಲಿದದ್ದು.

"ನಾನೇ," ಎಂದಳು ಹತ್ತು ವರ್ಷದ ಪುಟ್ಟಿ.

ಅವನ ಎದೆ ಉಬ್ಬಿತು. "ಭಲೇ! ನಾಳೆಯಿಂದ ಅಂಗಡಿ ನೀನೇ ನೋಡ್ಕೋ, ನಾನು ಕಾಲು ಚಾಚಿ ಮಲಗ್ತೀನಿ. ಅಂದಹಾಗೆ, ಹರಿದಿದ್ದು ಹೇಗೆ?"

ಪುಟ್ಟಿ ಉಗುರು ಕಚ್ಚತೊಡಗಿದಳು.

"ಕರಿಯ ಕಚ್ಚಿದ. ಬೇಕಂತ ಕಚ್ಚಲಿಲ್ಲ ಅಪ್ಪಾ. ಹೇಳಿದ್ರೆ ನೀನು ಅವನನ್ನ ಓಡಿಸಿಬಿಡ್ತೀಯ ಅಂತ..."

ಕರಿಯ ಅಂಗಡಿಯ ಮೆಟ್ಟಿಲ ಮೇಲೆ ಬಿದ್ದಿರುತ್ತಿದ್ದ ಬೀದಿನಾಯಿ. ಮೂರು ದಿನದ ಹಿಂದೆ ಜೊಲ್ಲು ಸುರಿಸುತ್ತ, ಹಿಂಗಾಲು ಎಳೆಯುತ್ತ ಚರಂಡಿಯ ಪಕ್ಕ ಸತ್ತಿತ್ತು. ಯಾರೋ ವಿಷ ಹಾಕಿರಬೇಕೆಂದು ಬೈದುಕೊಂಡು ದರ್ಜಿಯೇ ಹೂತು ಬಂದಿದ್ದ. ಅದು ವಿಷವಲ್ಲ, ನಾಯಿಗೆ ಹುಚ್ಚು ಹಿಡಿದಿತ್ತು ಎಂದು ಈಗ ಹೊಳೆಯಿತು.

"ಯಾವತ್ತು ಕಚ್ಚಿದ್ದು?"

"ಪರೀಕ್ಷೆ ಮುಗಿದ ದಿನ."

ಒಂಬತ್ತು ದಿನ! ಅವಳನ್ನು ಎತ್ತಿಕೊಂಡೇ ಆಸ್ಪತ್ರೆಗೆ ಓಡಿದ.

ನರ್ಸಮ್ಮ ಗಾಯ ನೋಡಿದಳು. ಒಣಗಿ ಎರಡು ಚುಕ್ಕಿಯಷ್ಟೇ ಉಳಿದಿತ್ತು. ಅದರ ಸುತ್ತ ಚುಚ್ಚಿದಳು, ತೋಳಿಗೂ ಚುಚ್ಚಿದಳು. ಪುಟ್ಟಿ ತುಟಿ ಕಚ್ಚಿ ತಡೆದುಕೊಂಡಳು.

"ಇನ್ನೇನೂ ಭಯ ಇಲ್ಲ ಅಲ್ವಾ ಅಮ್ಮಾ?" ದರ್ಜಿ ಕೇಳಿದ.

"ಮೊದಲ ದಿನವೇ ಬರಬೇಕಿತ್ತು ಅಣ್ಣಾ. ಮಿಕ್ಕ ಸೂಜಿ ಒಂದೂ ತಪ್ಪಿಸಬೇಡಿ. ಹುಚ್ಚುನಾಯಿ ನಂಜು ಆಗಲೇ ನರಕ್ಕೆ ಹತ್ತಿದೆಯೋ ಇಲ್ಲವೋ, ನಾನು ಹೇಗೆ ಹೇಳಲಿ? ಕಾಯಬೇಕು."

"ಎಷ್ಟು ದಿನ?"

"ಕೆಲವು ತಿಂಗಳು," ಎಂದು ಅವಳು ಮುಂದಿನವರನ್ನು ಕರೆದಳು.

ಹರಿದದ್ದನ್ನು ಹರಿದ ಹಾಗೇ ಬಿಡಬಾರದು ಎಂದು ಮಗಳಿಗೆ ಕಲಿಸಿದವನು ಅವನೇ. ಯಾಕಾದರೂ ಕಲಿಸಿದೆನೋ ಎಂದು ತನ್ನನ್ನೇ ಶಪಿಸಿಕೊಂಡ. ಹರಕು ಪ್ಯಾಂಟಿನಲ್ಲಿ ಮನೆಗೆ ಬಂದಿದ್ದರೆ ಎರಡು ಬೈದು, ಅವತ್ತೇ ಕರೆತರುತ್ತಿದ್ದ.

ಹೊರಗೆ ವರಾಂಡದಲ್ಲಿ ಕುಡಿಯುವ ನೀರಿನ ನಲ್ಲಿ, ಸರಪಳಿ ಕಟ್ಟಿದ ಲೋಟ. ಈ ರೋಗ ಏರಿದವರಿಗೆ ನೀರು ಗಂಟಲಲ್ಲಿ ಇಳಿಯುವುದಿಲ್ಲ, ನೀರು ಕಂಡರೇ ಬೆಚ್ಚುತ್ತಾರೆ ಎಂದು ಅವನು ಕೇಳಿದ್ದ. ಲೋಟ ತುಂಬಿ ಕೊಟ್ಟ. ಪುಟ್ಟಿ ಗಟಗಟ ಕುಡಿದಳು. ಅವನಿಗೆ ಹೋದ ಜೀವ ಬಂದಂತಾಯಿತು. ಮತ್ತೆ ತುಂಬಿದ.

"ಇನ್ನೊಂದು ಕುಡಿ."

ಅರ್ಧ ಕುಡಿದು ಅವಳು ಮುಖ ತಿರುಗಿಸಿದಳು. "ಸಾಕಪ್ಪಾ, ಬೇಡ."

"ಒಂದೇ ಒಂದು ಗುಟುಕು, ನನ್ನ ಬಂಗಾರ."

"ಬೇಡ ಅಂದ್ನಲ್ಲ!"

ಲೋಟ ಹಿಡಿದ ಅವನ ಕೈ ಅವಳ ಬಾಯಿಯ ಹತ್ತಿರವೇ ನಿಂತಿತ್ತು, ನೀರು ತುಳುಕಿ ಮೊಣಕೈವರೆಗೆ ಇಳಿಯುತ್ತಿತ್ತು.